ಬಾಡಿಗೆಗೆ ಬಂದ ಅರಮನೆ

ಕನ್ನಡ ವೃತ್ತಿರಂಗಭೂಮಿಯ ಕಥೆ ಹೇಳುವವರು ಅದನ್ನು ಸಾಮಾನ್ಯವಾಗಿ ಸಿನಿಮಾದ ಹೊಡೆತಕ್ಕೆ ತಂದು ಮುಗಿಸುತ್ತಾರೆ. ಟಾಕಿ ಬಂತು, ಕಂಪನಿಗಳ ಟೆಂಟು ಖಾಲಿಯಾಯಿತು, ನಟರು ಮದರಾಸಿನ ದಾರಿ ಹಿಡಿದರು, ಬಣ್ಣದ ಪರದೆಗಳು ಮೂಲೆ ಸೇರಿದವು. ಆಮೇಲೆ ಹವ್ಯಾಸಿಗಳು ಬಂದರು, ಅವರ ಹಿಂದೆ ದೆಹಲಿಯಲ್ಲಿ ಕಲಿತ ನಿರ್ದೇಶಕರು ಬಂದರು. ಮಾಲೀಕರ ಮತ್ತು ನಟರ ಮಟ್ಟಿಗೆ ಈ ಕಥೆ ಸರಿಯೇ. ರಂಗಸಜ್ಜಿಕೆಯ ಮಟ್ಟಿಗೆ ಮಾತ್ರ ಸರಿಯಲ್ಲ. ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಸಿಗುವ ನಂದಗುಡಿಯನ್ನೇ ತೆಗೆದುಕೊಳ್ಳಿ. ಆ ಹೋಬಳಿಯ ಸುತ್ತಿನ ಸೀಮೆಯಲ್ಲಿ, ರಾಗಿ ಕಣದ ಕೆಲಸ ಮುಗಿದು ಜಾತ್ರೆ, ಪರಿಷೆಗಳು ಶುರುವಾಗುವ ದಿನಗಳಲ್ಲಿ, ‘ಕುರುಕ್ಷೇತ್ರ’ವೋ ‘ದಾನಶೂರ ವೀರಕರ್ಣ’ವೋ ‘ರಾಜಾ ಸತ್ಯವ್ರತ’ವೋ ರಂಗಕ್ಕೆ ಬರುತ್ತದೆ. ಬಣ್ಣ ಹಚ್ಚುವವರು ಊರಿನವರು. ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಆದರೆ ಅರಮನೆ, ಕಾಡು, ಕೈಲಾಸ, ರಥ, ಸಿಂಹಾಸನ, ದೀಪ, ಮೈಕು ಎಲ್ಲವೂ ಸಜ್ಜಿಕೆಯನ್ನು ಬಾಡಿಗೆಗೆ ಕೊಡುವ ಡ್ರಾಮಾ ಸೀನರಿಯವರ ಲಾರಿಯಲ್ಲಿ ಬಂದು ಒಂದೇ ಹಗಲಲ್ಲಿ ಎದ್ದು ನಿಲ್ಲುತ್ತವೆ, ಮಾರನೆಯ ಬೆಳಗ್ಗೆ ಬಿಚ್ಚಿ ಇನ್ನೊಂದು ಊರಿಗೆ ಹೊರಡುತ್ತವೆ. ಕಂಪನಿಗಳ ಕಾಲದ ನಾಟಕವನ್ನು ಅದರ ಕವಿಗಳಿಗಿಂತ, ಅದರ ನಟರಿಗಿಂತ ಹೆಚ್ಚಾಗಿ ರೂಪಿಸಿದ್ದು ಅದರ ಪರದೆ, ದೀಪ ಮತ್ತು ಧ್ವನಿ. ಆ ಕಾರಣಕ್ಕೇ ಕಂಪನಿಗಳು ಮುಚ್ಚಿದ ಮೇಲೂ ಆ ನಾಟಕ ಬದುಕಿತು. ಈ ಲೇಖನದ ವಾದ ಇದು. ಇದು ನಿಜವಾದರೆ ಹಳ್ಳಿಯ ಪೌರಾಣಿಕ ನಾಟಕವನ್ನು ಹಳೆಯದರ ಪಳೆಯುಳಿಕೆ ಎಂದು ಬದಿಗೆ ಸರಿಸಲಾಗದು. ಕನ್ನಡದ ರಂಗವಿನ್ಯಾಸದ ಚರಿತ್ರೆಯಲ್ಲಿ ಅದಕ್ಕೊಂದು ಅಧ್ಯಾಯ ಸಲ್ಲಬೇಕು.

ಪರದೆ ಬರುವ ಮುಂಚೆ ಈ ಸೀಮೆಯಲ್ಲಿ ಇದ್ದದ್ದು ಕೇಳಿಕೆ, ಅಂದರೆ ಮೂಡಲಪಾಯದ ಬಯಲಾಟದ ಒಂದು ಕವಲು. ಕೋಲಾರ, ಚಿಂತಾಮಣಿ, ಹೊಸಕೋಟೆಯ ಕಡೆ ಅದು ಕನ್ನಡದಲ್ಲೂ ನಡೆಯುತ್ತಿತ್ತು, ತೆಲುಗಿನಲ್ಲೂ ನಡೆಯುತ್ತಿತ್ತು. ಅದಕ್ಕೆ ಸ್ಥಳವನ್ನು ಚಿತ್ರಿಸಿ ತೋರಿಸುವ ಅಗತ್ಯವೇ ಇರಲಿಲ್ಲ. ಭಾಗವತ ಹೇಳಿದರೆ ಅದು ದ್ವಾರಕೆ, ಪಾತ್ರ ಒಂದು ಸುತ್ತು ಕುಣಿದು ಬಂದರೆ ಹಸ್ತಿನಾವತಿ. ಪಾತ್ರದ ಪ್ರವೇಶಕ್ಕೆ ಇಬ್ಬರು ಹಿಡಿದ ಒಂದು ತೆರೆ ಸಾಕಾಗುತ್ತಿತ್ತು. ಎಣ್ಣೆ ಸುರಿದು ಉರಿಸುವ ಪಂಜಿನ ಬೆಳಕು ಹತ್ತಿರದವರ ಮೈಮೇಲೆ ಬಿದ್ದು ಅಲ್ಲಿಗೇ ನಿಲ್ಲುವಂಥದ್ದು. ಅಲುಗಾಡುವ ಆ ಬೆಳಕಿಗೆ ತಕ್ಕಂತೆಯೇ ವೇಷ ಬೆಳೆದಿತ್ತು: ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ ಮತ್ತು ಕನ್ನಡಿ ಚೂರು ಅಂಟಿಸುತ್ತಿದ್ದರು, ಮುಖಕ್ಕೆ ಅರದಾಳ, ಇಂಗಳೀಕ. ಒಂದೊಂದು ಜ್ವಾಲೆಯನ್ನೂ ನೂರಾಗಿ ಒಡೆದು ಹಿಂದಿರುಗಿಸುವುದು ಆ ಬೇಗಡೆಯ ಕೆಲಸ. ಎಂದರೆ ಅಲ್ಲಿ ದೀಪವಿನ್ಯಾಸ ಇರಲಿಲ್ಲ ಎಂದಲ್ಲ, ಅದನ್ನು ನಟನೇ ಮೈಮೇಲೆ ಹೊತ್ತು ತಿರುಗುತ್ತಿದ್ದ. ಮುಂದೆ ಪೆಟ್ರೋಮ್ಯಾಕ್ಸ್ ಬಂದು ಸ್ಥಿರವಾದ ಬಿಳಿ ಬೆಳಕು ಹರಡಿದಾಗ ಅದೇ ಬೇಗಡೆ ಮಂಕಾಗಿ, ಅದೇ ಅರದಾಳ ಒರಟಾಗಿ ಕಂಡಿತು. ಕೇಳಿಕೆಯ ವೇಷ ಜನರ ಕಣ್ಣಿಗೆ ಹಳತಾಗಿದ್ದಕ್ಕೆ ಅಭಿರುಚಿಯ ಬದಲಾವಣೆಯೊಂದೇ ಕಾರಣವಲ್ಲ, ಬೆಳಕಿನ ಬದಲಾವಣೆಯೂ ಕಾರಣ.

ಚಿತ್ರ ಬರೆದ ಪರದೆ ಹಳೆಯ ಮೈಸೂರಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಸಾಂಗಲಿಯ ಮರಾಠಿ ಮಂಡಳಿಗಳ ಮತ್ತು ಮುಂಬಯಿಯ ಪಾರ್ಸಿ ಕಂಪನಿಗಳ ಜೊತೆ. ಹತ್ತನೆಯ ಚಾಮರಾಜ ಒಡೆಯರ ಆಸರೆಯಲ್ಲಿ ಅರಮನೆಯದೇ ನಾಟಕ ಮಂಡಳಿ ಹುಟ್ಟಿತು, ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಕ್ಕೆ ತಂದರು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಮಂಡಳಿ ಶುರುವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವರದಾಚಾರ್ಯರ ರತ್ನಾವಳಿ ಸಭೆ ಬಂತು. ಇವರೆಲ್ಲ ಕೈಗೆತ್ತಿಕೊಂಡ ಪರದೆಯ ಹಿಂದೆ ಬಹಳ ಉದ್ದದ ವಂಶವೃಕ್ಷವಿದೆ. ಇಟಲಿಯ ಸೆಬಾಸ್ಟಿಯಾನೊ ಸೆರ್ಲಿಯೋ 1545ರಲ್ಲಿ ಪ್ರಕಟಿಸಿದ ವಾಸ್ತುಗ್ರಂಥದಲ್ಲಿ ರಂಗಕ್ಕೆ ಮೂರು ಬಗೆಯ ದೃಶ್ಯಗಳನ್ನು ಗೊತ್ತುಮಾಡಿದ್ದ: ದುರಂತಕ್ಕೆ ಅರಮನೆಗಳ ಸಾಲು, ಪ್ರಹಸನಕ್ಕೆ ಸಾಮಾನ್ಯರ ಬೀದಿ, ಮೂರನೆಯದಕ್ಕೆ ಕಾಡು ಮತ್ತು ಗುಡಿಸಲು. ದೂರ ಹೋದಂತೆ ಕಿರಿದಾಗುವ ಕಂಬಸಾಲುಗಳಿಂದ ಚಪ್ಪಟೆ ಬಟ್ಟೆಯ ಮೇಲೆ ಆಳವನ್ನು ಕಾಣಿಸುವ ಆ ವಿದ್ಯೆ ಯೂರೋಪಿನ ರಂಗಮಂದಿರಗಳನ್ನೆಲ್ಲ ಸುತ್ತಿ, ಇಂಗ್ಲಿಷರ ಜೊತೆ ಮುಂಬಯಿ, ಕಲ್ಕತ್ತಗಳಿಗೆ ಇಳಿದು, ಪಾರ್ಸಿ ಕಂಪನಿಗಳ ಪೆಟ್ಟಿಗೆಯಲ್ಲಿ ರೈಲು ಹತ್ತಿ ನಮ್ಮ ಕಡೆ ಬಂತು. ದರ್ಬಾರು, ಬೀದಿ, ಕಾಡು ಎಂದು ಇವತ್ತಿಗೂ ಸೀನರಿಯವರು ಎಣಿಸುವ ಪರದೆಗಳಲ್ಲಿ ಸೆರ್ಲಿಯೋನ ಮೂರು ದೃಶ್ಯಗಳು ಹಾಗೆಯೇ ಇವೆ. ಅವುಗಳ ಮೇಲೆ ರವಿವರ್ಮನ ಅಚ್ಚಿನ ಚಿತ್ರಗಳ ದೇವರುಗಳು, ಮೈಸೂರು ಅರಮನೆಯ ಕಮಾನುಗಳು ಬಂದು ಕೂತವು. ಎರವಲಿನ ವಸ್ತು ಹೀಗೆ ನಾಲ್ಕು ದಶಕಗಳೊಳಗೆ ನಮ್ಮದೇ ಆಯಿತು.

ಈ ಪರದೆ ನಾಟಕದ ಬರವಣಿಗೆಯನ್ನೇ ಬದಲಿಸಿತು ಎಂಬುದು ನನ್ನ ವಾದದ ತಿರುಳು. ದೊಡ್ಡ ದರ್ಬಾರಿನ ದೃಶ್ಯ ಜೋಡಿಸಲು ಹೊತ್ತು ಬೇಕು: ಹಿಂದಿನ ಪರದೆ ಇಳಿಯಬೇಕು, ಪಕ್ಕದ ವಿಂಗುಗಳು ಬದಲಾಗಬೇಕು, ಸಿಂಹಾಸನ, ಮೆಟ್ಟಿಲು, ದೀಪಸ್ತಂಭಗಳು ತಮ್ಮ ಜಾಗಕ್ಕೆ ಬರಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸಲಾಗದು. ಅದಕ್ಕೆ ಕಂಡುಕೊಂಡ ಉಪಾಯವೆಂದರೆ ಬೀದಿಯ ಪರದೆಯನ್ನು ರಂಗದ ಮುಂಭಾಗಕ್ಕೆ ಇಳಿಸಿ, ಅದರ ಎದುರಿನ ನಾಲ್ಕಡಿ ಜಾಗದಲ್ಲಿ ಇಬ್ಬರು ಮೂವರು ನಟರಿಂದ ಒಂದು ಸಣ್ಣ ದೃಶ್ಯ ಆಡಿಸುವುದು. ಅದೇ ಹೊತ್ತಿನಲ್ಲಿ ಪರದೆಯ ಹಿಂದೆ ಸದ್ದಿಲ್ಲದೆ ಅರಮನೆ ಕಟ್ಟುವುದು. ಆದ್ದರಿಂದ ನಾಟಕ ಬರೆಯುವವನು ಒಂದು ಆಳದ ದೃಶ್ಯ, ಒಂದು ಮುಂಭಾಗದ ದೃಶ್ಯ ಎಂದು ಸರದಿಯಲ್ಲೇ ಬರೆಯಬೇಕಾಯಿತು. ಕಿರಿದಾದ ಜಾಗದಲ್ಲಿ ಗಂಭೀರ ಪಾತ್ರಗಳಿಗೆ ಓಡಾಟವಿಲ್ಲ. ಅಲ್ಲಿ ಚೆನ್ನಾಗಿ ನಡೆಯುವುದು ಮಾತಿನ ಚಕಮಕಿ, ಹಾಡು, ಹಾಸ್ಯ. ಕಂಪನಿ ನಾಟಕಗಳ ಹಾಸ್ಯ ಮುಖ್ಯ ಕಥೆಗೆ ಅಂಟಿಕೊಳ್ಳದೆ ಬೇರೆಯೇ ನಿಂತಿದೆ ಎಂದು ವಿಮರ್ಶಕರು ಬಹುಕಾಲದಿಂದ ಆಕ್ಷೇಪಿಸಿದ್ದಾರೆ. ಅದನ್ನು ಕವಿಯ ದೌರ್ಬಲ್ಯವೆಂದು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಆ ಹಾಸ್ಯ ನಿಂತಿದ್ದದ್ದು ಪರದೆಯ ಹಿಂದೆ ಮೇಜು ಕುರ್ಚಿ ಎತ್ತಿಡುತ್ತಿದ್ದ ಕೆಲಸಗಾರರಿಗೆ ಬೇಕಾದ ಹೊತ್ತಿನ ಮೇಲೆ. ‘ಸದಾರಮೆ’ಯ ಕಳ್ಳನಾಗಿ ಹೆಸರಾದ ಗುಬ್ಬಿ ವೀರಣ್ಣ ಮೂಲತಃ ಹಾಸ್ಯನಟ ಎಂಬುದನ್ನು ಇಲ್ಲಿ ನೆನೆಯಬೇಕು. 1917ರಲ್ಲಿ ಗುಬ್ಬಿ ಕಂಪನಿಯ ಒಡೆತನ ಅವರ ಕೈಗೆ ಬಂದಾಗ, ಮುಂಭಾಗದ ನಾಲ್ಕಡಿ ಜಾಗ ಎಷ್ಟು ಬೆಲೆಬಾಳುತ್ತದೆಂದು ಅವರಷ್ಟು ಬಲ್ಲವರು ಯಾರಿದ್ದರು? ಆ ಜಾಗದಲ್ಲಿ ಬೆಳೆದ ನಟನೇ ಹಿಂದಿನ ಜಾಗವನ್ನು ಎಲ್ಲರಿಗಿಂತ ದೊಡ್ಡದು ಮಾಡಿದ್ದು ಆಕಸ್ಮಿಕವಲ್ಲ.

ದೀಪದ ಕಥೆ ಇನ್ನಷ್ಟು ಬೇಗ ಓಡಿತು. ಲಂಡನ್ನಿನ ಸೆವಾಯ್ ರಂಗಮಂದಿರ 1881ರಲ್ಲಿ ಪೂರ್ತಿ ವಿದ್ಯುದ್ದೀಪಕ್ಕೆ ತಿರುಗಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗೂ ಬಂತು. ಆದರೆ ಕಂಪನಿ ಊರೂರು ತಿರುಗುವಂಥದ್ದು, ಕ್ಯಾಂಪು ಹಾಕಿದ ಕಡೆಯೆಲ್ಲ ತಂತಿ ಇರುತ್ತಿರಲಿಲ್ಲ. ಬಹಳ ಕಾಲ ನಾಟಕಕ್ಕೆ ಬೆಳಕು ಕೊಟ್ಟದ್ದು ಗ್ಯಾಸ್ ಲೈಟೇ. ಅದನ್ನು ಇಡಲು ಇದ್ದ ಜಾಗಗಳು ಎರಡೇ: ರಂಗದ ಅಂಚಿನ ಕೆಳಗೆ, ಇಲ್ಲವೇ ಪಕ್ಕಗಳಲ್ಲಿ ತೂಗಿ. ಆದ್ದರಿಂದ ರಂಗದ ಮುಂಭಾಗದಲ್ಲಿ ಬೆಳಕು ದಟ್ಟ, ಹಿಂದಕ್ಕೆ ಹೋದಂತೆ ತೆಳು. ಮುಖ ಕಾಣಬೇಕಾದರೆ ನಟ ಮುಂದೆ ಬರಲೇಬೇಕು, ಪ್ರೇಕ್ಷಕರ ಕಡೆ ತಿರುಗಿ ನಿಲ್ಲಲೇಬೇಕು. ಎದುರಿನ ಪಾತ್ರಕ್ಕೆ ಹೇಳಬೇಕಾದ ಮಾತನ್ನು ಸಭೆಗೆ ಹೇಳುವ ಪದ್ಧತಿಯನ್ನು ಕೃತಕವೆಂದು ಹಳಿಯುವವರು ಆ ದೀಪ ಎಲ್ಲಿತ್ತೆಂದು ಒಮ್ಮೆ ನೋಡಬೇಕು. ವಿದ್ಯುತ್ತು ಕೈಗೆ ಸಿಕ್ಕಿದ ಮೇಲೆ ಕಂಪನಿಗಳು ಅದನ್ನು ಮೊದಲು ಬಳಸಿದ್ದು ಬೆರಗು ಹುಟ್ಟಿಸಲು. ಗುಬ್ಬಿ ಕಂಪನಿಯ ‘ದಶಾವತಾರ’, ಬಿ. ಪುಟ್ಟಸ್ವಾಮಯ್ಯನವರು ಬರೆದುಕೊಟ್ಟ ‘ಕುರುಕ್ಷೇತ್ರ’ ಈ ಬೆರಗಿನ ಶಿಖರಗಳು. 1930ರ ದಶಕದಲ್ಲಿ ರಂಗಕ್ಕೆ ಬಂದ ಆ ಕುರುಕ್ಷೇತ್ರದಲ್ಲಿ ನಿಜವಾದ ಆನೆ, ಕುದುರೆಗಳೇ ಯುದ್ಧಭೂಮಿಗೆ ಇಳಿದವು. ಆ ಸುದ್ದಿ ಊರೂರಿಗೆ ಹಬ್ಬಿತು, ಹಳೆಯ ಮೈಸೂರಿನ ರೈತರ ಮನಸ್ಸಿನಲ್ಲಿ ನಾಟಕ ಎಂದರೆ ಕುರುಕ್ಷೇತ್ರ ಎಂಬ ಸಮೀಕರಣ ಗಟ್ಟಿಯಾಯಿತು.

ಅದೇ ದಶಕದಲ್ಲಿ, 1934ರಲ್ಲಿ, ‘ಸತಿ ಸುಲೋಚನ’ ತೆರೆಗೆ ಬಂದು ಕನ್ನಡದ ಚಿತ್ರ ಮಾತಾಡಲು ಕಲಿಯಿತು. ವೀರಣ್ಣನವರೇ ಮರುವರ್ಷ ‘ಸದಾರಮೆ’ಯನ್ನು ಚಿತ್ರ ಮಾಡಿದರು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರ ಕಂಪನಿಯಿಂದ ಬಂದ ರಾಜಕುಮಾರ್ ನಾಯಕರಾದರು. ನೂರಾರು ಜನರಿಗೆ ಸಂಬಳ, ಊಟ ಹಾಕಬೇಕಿದ್ದ ಕಂಪನಿಗೆ ಒಂದು ಡಬ್ಬಿಯ ರೀಲಿನ ಜೊತೆ ಸ್ಪರ್ಧಿಸಲಾಗಲಿಲ್ಲ. ಸೋತದ್ದು ಯಾವುದು ಎಂದು ಇಲ್ಲಿ ನಿಖರವಾಗಿ ನೋಡಬೇಕು. ಸೋತದ್ದು ನಟರನ್ನೂ ಸಜ್ಜಿಕೆಯನ್ನೂ ಸಂಗೀತವನ್ನೂ ವರ್ಷವಿಡೀ ಒಂದೇ ಸೂರಿನಡಿ ಸಾಕುವ ವ್ಯವಸ್ಥೆ. ಆ ವ್ಯವಸ್ಥೆ ಬಿಚ್ಚಿಕೊಂಡಾಗ ಅದರ ಭಾಗಗಳು ಒಂದೊಂದೂ ಬೇರೆ ಬೇರೆ ಕಸುಬಾಗಿ ನಿಂತವು. ಸಂಗೀತ ಬಲ್ಲವರು ಹಳ್ಳಿಗಳಲ್ಲಿ ನಾಟಕ ಕಲಿಸುವ ಮೇಷ್ಟ್ರಾದರು. ಸ್ತ್ರೀಪಾತ್ರಕ್ಕೆ ನಟಿಯರು ರಾತ್ರಿಯ ಲೆಕ್ಕದಲ್ಲಿ ಬರತೊಡಗಿದರು. ಪರದೆ, ವೇಷ, ದೀಪಗಳನ್ನು ಬಾಡಿಗೆಗೆ ಕೊಡುವ ಸೀನರಿ ಅಂಗಡಿಗಳು ಬೆಂಗಳೂರು, ತುಮಕೂರು, ಮಂಡ್ಯದ ಕಡೆಗಳಲ್ಲಿ ಬೇರುಬಿಟ್ಟವು. ಕಂಪನಿಗೆ ವರ್ಷವಿಡೀ ಹೊರಲಾಗದ ಖರ್ಚನ್ನು ಊರು ಒಂದು ರಾತ್ರಿಯ ಮಟ್ಟಿಗೆ ಹೊರಬಲ್ಲದು. ಪಾತ್ರಕ್ಕೆ ಇಷ್ಟೆಂದು ಪಾತ್ರಧಾರಿಗಳೇ ಹಣ ಹಾಕಿಕೊಳ್ಳುವ ರೂಢಿ, ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ ಎಂಬ ಲೆಕ್ಕ, ಈ ಹೊಸ ಏರ್ಪಾಟಿನ ಆರ್ಥಿಕ ಬುನಾದಿ. ಕಂಪನಿಯಲ್ಲಿ ಪ್ರೇಕ್ಷಕ ಟಿಕೆಟ್ಟಿಗೆ ದುಡ್ಡು ಕೊಡುತ್ತಿದ್ದ, ಇಲ್ಲಿ ನಟನೇ ಕೊಡುತ್ತಾನೆ, ಪ್ರೇಕ್ಷಕ ಬಿಟ್ಟಿ ನೋಡುತ್ತಾನೆ. ಗಲ್ಲಾಪೆಟ್ಟಿಗೆ ತಲೆಕೆಳಗಾದರೂ ವೇದಿಕೆ ಮಾತ್ರ ಹಾಗೇ ಉಳಿದದ್ದು ಈ ಚರಿತ್ರೆಯ ದೊಡ್ಡ ಸಂಗತಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ಇದು ಸಜ್ಜಿಕೆ ಇರಬಹುದು, ವಿನ್ಯಾಸ ಹೇಗಾದೀತು? ನಂದಗುಡಿಯಲ್ಲಿ ಇಳಿದ ಅರಮನೆಯೇ ಸೂಲಿಬೆಲೆಯಲ್ಲೂ ಇಳಿಯುತ್ತದೆ, ದಶರಥನಿಗೂ ದುರ್ಯೋಧನನಿಗೂ ಒಂದೇ ಸಿಂಹಾಸನ. ನಾಟಕವನ್ನು ಓದಿ, ಅದರ ಅರ್ಥಕ್ಕೆ ತಕ್ಕಂತೆ ರಂಗವನ್ನು ಕಲ್ಪಿಸುವುದೇ ವಿನ್ಯಾಸವಾದರೆ ಇಲ್ಲಿ ಅದು ಎಲ್ಲಿದೆ? ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಚರಿತ್ರೆಯದು: ಪ್ರತಿ ನಾಟಕಕ್ಕೆ ಪ್ರತ್ಯೇಕ ರಂಗ ಎಂಬ ಕಲ್ಪನೆಯೇ ಇತ್ತೀಚಿನದು. ಹತ್ತೊಂಬತ್ತನೆಯ ಶತಮಾನ ಬಹುಪಾಲು ಕಳೆಯುವವರೆಗೂ ಯೂರೋಪಿನ ರಂಗಮಂದಿರಗಳು ತಮ್ಮ ಉಗ್ರಾಣದ ಕಾಡು, ಬೀದಿ, ಅರಮನೆಗಳನ್ನೇ ನಾಟಕದಿಂದ ನಾಟಕಕ್ಕೆ ತಿರುಗಿಸುತ್ತಿದ್ದವು. ಅಡಾಲ್ಫ್ ಆಪಿಯಾ, ಗಾರ್ಡನ್ ಕ್ರೇಗ್ ಆ ಪದ್ಧತಿಯನ್ನು ಪ್ರಶ್ನಿಸಿ ಬರೆಯತೊಡಗಿದಾಗ ನಮ್ಮಲ್ಲಿ ಕಂಪನಿಗಳು ಆಗತಾನೇ ಕಣ್ಣು ಬಿಡುತ್ತಿದ್ದವು. ಇನ್ನೊಂದು ಉತ್ತರ ಕಸುಬಿನದು. ಒಂದೇ ಹಗಲಲ್ಲಿ ಕಟ್ಟಿ, ಮಾರನೆಯ ಬೆಳಗ್ಗೆಯೇ ಬಿಚ್ಚಿ, ಮಡಚಿ, ಲಾರಿಗೆ ಹಾಕಬಲ್ಲ ಅರಮನೆ ಕಲ್ಪಿಸುವುದು ಸುಲಭದ ಕೆಲಸವಲ್ಲ. ಬಟ್ಟೆ ಮಡಿಕೆಗೆ ಬಣ್ಣ ಉದುರಬಾರದು, ಗಾಳಿಗೆ ಕಂಬ ಅಲುಗಬಾರದು, ಕೊನೆಯ ಸಾಲಿನವನಿಗೂ ಕಮಾನು ಕಮಾನಾಗಿ ಕಾಣಬೇಕು, ಯಾವ ಊರಿನ ಯಾವ ಪಾತ್ರಧಾರಿ ಬಂದರೂ ಎಲ್ಲಿಂದ ಒಳಬರಬೇಕು, ಎಲ್ಲಿಗೆ ಹೋಗಬೇಕು ಎಂಬುದು ಹೇಳದೆಯೇ ತಿಳಿಯಬೇಕು. ಈ ಕೊನೆಯ ಗುಣ ಬಹಳ ದೊಡ್ಡದು. ವರ್ಷಕ್ಕೊಮ್ಮೆ ಬಣ್ಣ ಹಚ್ಚುವ ರೈತನಿಗೆ ಆ ವೇದಿಕೆಯ ಮೇಲೆ ಪೂರ್ವಾಭ್ಯಾಸಕ್ಕೆ ಒಂದು ರಾತ್ರಿಯೂ ಸಿಗುವುದಿಲ್ಲ. ಎಲ್ಲ ಊರಲ್ಲೂ ಅದು ಒಂದೇ ಆಗಿರುವುದರಿಂದಲೇ, ಬಾಲ್ಯದಿಂದ ನೋಡಿದ್ದರಿಂದಲೇ, ಅವನು ಅದರ ಮೇಲೆ ಅಂಜಿಕೆಯಿಲ್ಲದೆ ನಡೆಯುತ್ತಾನೆ. ಏಕರೂಪತೆಯನ್ನು ಕಲ್ಪನೆಯ ಬಡತನ ಎನ್ನುವವರು ಈ ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಎರಡನೆಯ ಆಕ್ಷೇಪ ಆಧುನಿಕ ರಂಗಭೂಮಿಯದು. ಬೆಂಗಳೂರಿನಲ್ಲಿ 1909ರಲ್ಲೇ ಹವ್ಯಾಸಿಗಳ ಸಂಘ ಹುಟ್ಟಿತು, ಕೈಲಾಸಂ ನಾಟಕಗಳಿಗೆ ಅರಮನೆ ಬೇಡವಾಗಿ ಮನೆಯ ಹಜಾರ ಸಾಕಾಯಿತು. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆದ ಮೇಲೆ ದೀಪಗಳನ್ನು ಬೇಕಾದಂತೆ ಏರಿಸಿ ಇಳಿಸಿ, ರಂಗದ ಒಂದು ಮೂಲೆಯನ್ನಷ್ಟೇ ಬೆಳಗಿಸಿ ಉಳಿದದ್ದನ್ನು ಕತ್ತಲಿಗೆ ಬಿಡುವ ಅವಕಾಶ ದೊರೆಯಿತು. ಕತ್ತಲು ಕೂಡ ರಂಗದ ಸಾಮಗ್ರಿ ಎಂಬ ಅರಿವು ಕನ್ನಡಕ್ಕೆ ಹೊಸದು, ಅದರ ಮಹತ್ವವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳನ್ನು ಬೆಂಗಳೂರಿನಲ್ಲಿ ಬಯಲಿನಲ್ಲೇ ಆಡಿಸಿ, ಬಣ್ಣದ ಪರದೆಯಿಲ್ಲದೆಯೂ ರಂಗ ತುಂಬಬಹುದೆಂದು ತೋರಿಸಿದರು. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಆರಂಭಿಸಿ, ಕಡಿಮೆ ಸಾಮಾನಿನ, ಹಗುರ ಸಜ್ಜಿಕೆಯ ನಾಟಕಗಳನ್ನು ಊರೂರಿಗೆ ಒಯ್ದಿತು. ಈ ಸಾಧನೆಗಳ ಬೆಳಕಿನಲ್ಲಿ ನೋಡಿದಾಗ ಹಳ್ಳಿಯ ಪರದೆ ಹಿಂದೆ ಬಿದ್ದದ್ದಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಕಾರಂತರು ಬಾಲ್ಯದಲ್ಲಿ ಮನೆಬಿಟ್ಟು ಸೇರಿದ್ದು ಗುಬ್ಬಿ ಕಂಪನಿಯನ್ನೇ. ರಂಗದ ಮೇಲಿನ ಸದ್ದು ಮತ್ತು ಹಾಡಿನ ಬಗ್ಗೆ ಅವರಿಗಿದ್ದ ಅಸಾಧಾರಣ ಕಿವಿ ಪಳಗಿದ್ದು ಮೊದಲು ಅಲ್ಲಿ. ಅವರು ಪರದೆಯನ್ನು ಬಿಟ್ಟರು, ಕಂಪನಿಯ ಸಂಗೀತವನ್ನು ಬಿಡಲಿಲ್ಲ. ತಿರುಗಾಟದ ಲಾರಿ ಕೂಡ ಸೀನರಿಯ ಲಾರಿಯ ಹಾಗೆ, ರಂಗವನ್ನು ಮಡಚಿ ಹೊತ್ತೊಯ್ಯುವ ಸಮಸ್ಯೆಗೇ ಕೊಟ್ಟ ಇನ್ನೊಂದು ಉತ್ತರ. 2010ರ ‘ಮಲೆಗಳಲ್ಲಿ ಮದುಮಗಳು’ ಪ್ರಯೋಗದಲ್ಲಿ ಸಿ. ಬಸವಲಿಂಗಯ್ಯನವರು ಇಡೀ ರಾತ್ರಿ ಪ್ರೇಕ್ಷಕರನ್ನು ಒಂದು ರಂಗದಿಂದ ಇನ್ನೊಂದಕ್ಕೆ ನಡೆಸಿದಾಗ ನಗರದವರು ಅದನ್ನು ಹೊಸ ಅನುಭವವೆಂದು ಕೊಂಡಾಡಿದರು. ನಾಟಕಕ್ಕೆ ಇಡೀ ರಾತ್ರಿ ಕೊಡುವುದನ್ನು ನಂದಗುಡಿ ಸೀಮೆಯ ಜನ ಮರೆತೇ ಇರಲಿಲ್ಲ.

ಧ್ವನಿಯ ವಿಚಾರದಲ್ಲಿ ನನ್ನ ವಾದಕ್ಕೆ ಎದುರಾಗುವ ಸಾಕ್ಷ್ಯ ಹೆಚ್ಚಿದೆ, ಅದನ್ನು ಮುಚ್ಚಿಡಬಾರದು. ಮೈಕು ಇಲ್ಲದ ಕಾಲದಲ್ಲಿ ನಟನ ಕಂಠವೇ ಟೆಂಟಿನ ಕೊನೆ ಮುಟ್ಟಬೇಕಿತ್ತು. ಎತ್ತರದ ಶ್ರುತಿ, ಉದ್ದಕ್ಕೆ ಎಳೆಯುವ ಆಲಾಪ, ಅಕ್ಷರ ಅಕ್ಷರ ಬಿಡಿಸಿ ಆಡುವ ಗದ್ಯ ಇವೆಲ್ಲ ಆ ಅಗತ್ಯದಿಂದ ಹುಟ್ಟಿದ ವಿದ್ಯೆಗಳು. ಕಾಲಿನಲ್ಲಿ ತಿದಿ ಒತ್ತಿ ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಕಂಪನಿಗಳಲ್ಲಿ ನೆಲೆಗೊಂಡದ್ದೂ ಅದರ ದನಿಯ ಗಾತ್ರಕ್ಕಾಗಿ. ಗುಡುಗಿಗೆ ನೇತುಹಾಕಿದ ತಗಡಿನ ಹಾಳೆಯನ್ನು ಅಲುಗಿಸುತ್ತಿದ್ದರು. ಮೈಕು ಬಂದಾಗ ಎತ್ತರದ ದನಿಯ ಅಗತ್ಯ ಹೋಯಿತು, ಆದರೆ ದನಿ ಇಳಿಯಲಿಲ್ಲ. ಏರಿದ ಕಂಠವನ್ನೇ ಮೈಕು ಮತ್ತಷ್ಟು ಏರಿಸಿತು. ಮೂರು ನಾಲ್ಕು ಮೈಕುಗಳನ್ನು ಮೇಲಿನಿಂದ ತೂಗುಬಿಟ್ಟ ವೇದಿಕೆಯಲ್ಲಿ ಪಾತ್ರಧಾರಿ ಅವುಗಳ ಕೆಳಗೆ ಬಂದೇ ಮಾತಾಡಬೇಕು. ಗ್ಯಾಸ್ ಲೈಟಿಗಾಗಿ ಮುಂದೆ ಬಂದು ನಿಲ್ಲುವುದನ್ನು ಕಲಿತಿದ್ದ ನಟ, ದೀಪದ ಕಟ್ಟು ಸಡಿಲವಾದ ಕೂಡಲೇ ಮೈಕಿನ ಕಟ್ಟಿಗೆ ಸಿಕ್ಕಿದ. ಈಚೆಗೆ ಕೀಬೋರ್ಡು, ರಿದಂ ಪ್ಯಾಡುಗಳು ಸೇರಿ ಹಾರ್ಮೋನಿಯಂ ಮೇಷ್ಟ್ರ ಸ್ವರವೇ ಹಿಂದೆ ಸರಿಯುವಂತಾಗಿದೆ. ಸಜ್ಜಿಕೆ ನಾಟಕವನ್ನು ರೂಪಿಸುತ್ತದೆ ಎಂದು ವಾದಿಸುವವನು, ಅದು ಯಾವಾಗಲೂ ಒಳ್ಳೆಯದನ್ನೇ ರೂಪಿಸುತ್ತದೆ ಎಂದು ಹೇಳುವಂತಿಲ್ಲ. ರಂಗಗೀತೆಗಳ ಸೂಕ್ಷ್ಮ ಈ ಧ್ವನಿವರ್ಧಕಗಳಲ್ಲಿ ಕಳೆದುಹೋಗಿದೆ ಎಂಬ ದೂರು ನಿಜ, ಅದು ನನಗೆ ನೋವಿನ ವಿಷಯವೂ ಹೌದು.

ಕೇಳಿಕೆಯ ಪರವಾಗಿ ಬರುವ ಆಕ್ಷೇಪವೂ ಉಂಟು: ಕಂಪನಿಯ ಪರದೆ ಹಳ್ಳಿಗೆ ಬಂದದ್ದೇ ಹಳ್ಳಿಯ ಸ್ವಂತ ಕಲೆಗೆ ಮುಳುವಾಯಿತು ಎನ್ನುವುದು. ಒಂದು ಊರಿನ ದುಡ್ಡು, ಪುರುಸೊತ್ತು ಮಿತವಾದವು. ಎರಡನ್ನೂ ಪೌರಾಣಿಕ ನಾಟಕ ಸೆಳೆದುಕೊಂಡಿತು, ಭಾಗವತರ ತಾಳಮದ್ದಳೆಯ ಕಲಿಕೆ ತೆಳುವಾಯಿತು. ಇದನ್ನು ಒಪ್ಪುತ್ತೇನೆ. ಆದರೆ ಅದನ್ನು ಹೊರಗಿನವರು ಹೇರಿದರು ಎಂಬ ಮಾತನ್ನು ಒಪ್ಪಲಾರೆ. ಅರಮನೆಯೊಳಗೆ ಕಾಲಿಡುವ ಅವಕಾಶವೇ ಇಲ್ಲದ ಒಕ್ಕಲು ಮಕ್ಕಳು ಅರಮನೆಯನ್ನು ಊರಿಗೇ ತರಿಸಿಕೊಂಡು, ಅದರ ಸಿಂಹಾಸನದ ಮೇಲೆ ಕೂತು ರಾಜನ ಮಾತಾಡಿದರು. ಬಾಡಿಗೆಯ ಸಜ್ಜಿಕೆಗೆ ಜಾತಿಯ ಹಕ್ಕು, ಮನೆತನದ ಹಕ್ಕು ಇರಲಿಲ್ಲ. ದುಡ್ಡು ಕೂಡಿಸಿದ ಯಾವ ಕೇರಿಗೂ ಅದು ಬರುತ್ತಿತ್ತು, ಬೇರೆ ಬೇರೆ ಸಮುದಾಯಗಳು ತಮ್ಮದೇ ತಂಡ ಕಟ್ಟಿ ಅದೇ ಕುರುಕ್ಷೇತ್ರವನ್ನು ಆಡುವುದು ಸಾಧ್ಯವಾಯಿತು. ಆ ದುಡ್ಡು ಹೊಂದಿಸುವುದೇ ಬಡವರಿಗೆ ಭಾರವಾಗಿತ್ತು, ಸಾಲ ಮಾಡಿ ಕೃಷ್ಣನ ಪಾತ್ರ ಹಾಕಿದವರೂ ಇದ್ದರು ಎಂಬುದನ್ನು ಇದರ ಜೊತೆಗೇ ಬರೆಯಬೇಕು.

ಈಗ ಎಲ್‌ಇಡಿ ಗೋಡೆ ಹಳ್ಳಿಯ ವೇದಿಕೆಗೂ ಕಾಲಿಡತೊಡಗಿದೆ. ಬರೆದ ಕಾಡಿನ ಜಾಗದಲ್ಲಿ ಎಲೆ ಅಲುಗುವ ಕಾಡು, ಬರೆದ ಕೈಲಾಸದ ಜಾಗದಲ್ಲಿ ಹಿಮ ಬೀಳುವ ಕೈಲಾಸ ಬರುತ್ತದೆ, ಒಂದು ಗುಂಡಿ ಒತ್ತಿದರೆ ಅರಮನೆ ಬೀದಿಯಾಗುತ್ತದೆ. ಇದನ್ನು ಬರೀ ಅಭಿರುಚಿಯ ಪ್ರಶ್ನೆಯಾಗಿ ನೋಡಿದರೆ ಸಾಲದು. ದೃಶ್ಯ ಕ್ಷಣಾರ್ಧದಲ್ಲಿ ಬದಲಾಗುವುದಾದರೆ ಮುಂಭಾಗದ ಪರದೆ ಇಳಿಸಬೇಕಾಗಿಲ್ಲ, ಅದರೆದುರು ಹೊತ್ತು ತುಂಬುವ ಹಾಸ್ಯಕ್ಕೆ ರಚನೆಯ ಒಳಗಿನಿಂದ ಇದ್ದ ಕಾರಣವೂ ಉಳಿಯುವುದಿಲ್ಲ. ನಾಟಕದ ಪುಸ್ತಕವನ್ನೇ ಮತ್ತೆ ಬರೆಯಬೇಕಾದ ದಿನ ಬರಬಹುದು. ಬಣ್ಣದ ಪರದೆ ಎದುರಿನ ದೀಪದ ಬೆಳಕನ್ನು ಹೀರಿ ಮಂದವಾಗಿ ಹಿಂದೆ ನಿಲ್ಲುವಂಥದ್ದು, ಆದ್ದರಿಂದ ಪಾತ್ರಧಾರಿಯ ಮುಖ ಮುಂದೆ ಬಂದು ಕಾಣುತ್ತಿತ್ತು. ಎಲ್‌ಇಡಿ ತಾನೇ ಬೆಳಕು ಚೆಲ್ಲುತ್ತದೆ. ಅದರೆದುರು ನಿಂತವನ ಮುಖ ಕಪ್ಪಾಗುತ್ತದೆ, ಅದನ್ನು ಸರಿದೂಗಿಸಲು ಎದುರಿನ ದೀಪ ಏರಿಸಿದರೆ ಗೋಡೆಯ ಚಿತ್ರ ಮಾಸುತ್ತದೆ. ಸೀನರಿ ಕಟ್ಟುವವರು ಈ ಎರಡರ ನಡುವಿನ ಅಳತೆಯನ್ನು ಕೈಯಿಂದಲೇ ಕಲಿಯಬೇಕಾಗಿದೆ. ಪರದೆ ಬರೆದವರ ಹೆಸರುಗಳು ಬಹುಪಾಲು ಎಲ್ಲೂ ದಾಖಲಾಗಲಿಲ್ಲ, ಪರದೆಯ ಮೇಲೆ ದೊಡ್ಡದಾಗಿ ಇರುತ್ತಿದ್ದದ್ದು ಅಂಗಡಿಯ ಹೆಸರು ಮಾತ್ರ. ಮಡಿಕೆಯಲ್ಲಿ ಬಣ್ಣ ಬಿಟ್ಟು, ಅಂಚು ಹರಿದು ಉಗ್ರಾಣದಲ್ಲಿ ಬಿದ್ದಿರುವ ಹಳೆಯ ಪರದೆಗಳನ್ನು ಬಿಚ್ಚಿ ಅಳತೆ, ಚಿತ್ರ ತೆಗೆದು, ಬರೆದವರಲ್ಲಿ ಇನ್ನೂ ಬದುಕಿರುವವರನ್ನು ಮಾತಾಡಿಸಿ, ಬಣ್ಣಕ್ಕೆ ಯಾವ ಅಂಟು ಕಲೆಸುತ್ತಿದ್ದರು, ಬಟ್ಟೆ ಯಾವುದು, ಕಮಾನಿನ ಗೆರೆಗೆ ದಾರ ಹೇಗೆ ಹಿಡಿಯುತ್ತಿದ್ದರು ಎಂದು ಕೇಳಿ ಬರೆದಿಡುವ ಕೆಲಸವನ್ನು ನಾಟಕ ಅಕಾಡೆಮಿ ಈಗಲೇ ಕೈಗೆತ್ತಿಕೊಳ್ಳಬೇಕು. ಅದಕ್ಕೆ ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು ಜಿಲ್ಲೆಗಳ ಸೀನರಿ ಉಗ್ರಾಣಗಳಿಂದ ಶುರುಮಾಡಬಹುದು.